ಬಾಯಿ ಬಿಡದ ವ್ರತ

ಟೇಲರಕ್ಕನ ಕಣ್ಣಳತೆ ತಪ್ಪುವುದಿಲ್ಲವೆಂದು ಬೀದಿಯ ಹೆಂಗಸರಿಗೆಲ್ಲ ಗೊತ್ತು. ಹಾಗಿರುವಾಗ ತನ್ನದೇ ಅಂಗಿ ಎಡಗಡೆ ಎದೆಗೆ ಬಿಗಿಯುತ್ತಿದ್ದುದು ಅವಳಿಗೆ ತಿಳಿಯದೆ ಇದ್ದೀತೇ? ಬಾಗಿಲು ಹಾಕಿಕೊಂಡು ಹೊಲಿಗೆ ಬಿಚ್ಚಿದಳು, ಸಡಿಲ ಮಾಡಿ ಮತ್ತೆ ಹೊಲಿದು ತೊಟ್ಟಳು. ಕೈಗೆ ಸಿಗುತ್ತಿದ್ದ ಗಂಟಿನ ವಿಷಯವನ್ನು ದೇವರೊಬ್ಬನಿಗೇ ಹೇಳಿಕೊಂಡಳು.

ಗಂಟು ಕರಗುವ ತನಕ ಒಪ್ಪೊತ್ತು ಊಟ, ಬೆಳಗಾಗುವ ಮೊದಲೇ ಪ್ರಾರ್ಥನೆ. ಯಾರ ಮುಂದೂ ಬಾಯಿ ಬಿಡುವಂತಿಲ್ಲ. ಹೇಳಿಕೊಂಡರೆ ವ್ರತ ಕೆಡುತ್ತದೆ ಎಂದು ತಾಯಿ ಅವಳಿಗೂ ಅವಳ ತಂಗಿಗೂ ಚಿಕ್ಕಂದಿನಲ್ಲೇ ತಲೆಗೆ ತುಂಬಿದ್ದಳು. ಗಂಟು ನೋಯುತ್ತಿರಲಿಲ್ಲ. ನೋಯದಿರುವುದೇ ದೇವರು ಕಣ್ಣು ಬಿಟ್ಟ ಗುರುತು ಎಂದುಕೊಂಡಳು ಪುಣ್ಯಾತ್ಗಿತ್ತಿ. ಎಡವಿದ್ದು ಅಲ್ಲೇ.

ಪ್ರಾರ್ಥನಾ ಮಂದಿರದ ಅಂಗಳಕ್ಕೆ ಸ್ತನ ತಪಾಸಣೆಯ ವ್ಯಾನು ಬಂದ ದಿನ ಹೆಂಗಸರೆಲ್ಲ ಅವಳ ಮುಖ ನೋಡಿದರು. ಅಲ್ಲಿ ಹಾಡು ಹೇಳಿಕೊಡುತ್ತಿದ್ದವಳು ಅವಳೇ. ಅವಳು ಮುಂದಾದರೆ ಉಳಿದವರೂ ಸಾಲು ನಿಲ್ಲುತ್ತಿದ್ದರು.

"ನಂಗೇನು ಧಾಡಿ? ದೇವರನ್ನ ನಂಬಿದೋರು ಯಾರ ಮುಂದೋ ಮೈ ತೋರಿಸ್ಬೇಕಾ?" ಎಂದಳು.

ನರ್ಸಮ್ಮ ಎಷ್ಟು ಗೋಗರೆದರೂ ಯಾರೂ ಕದಲಲಿಲ್ಲ. ತಂಗಿಯೂ ಅಕ್ಕನ ಹಿಂದೆಯೇ ಮನೆಗೆ ನಡೆದಳು.

ಅಂಗಿಗೆ ಕೀವು ಹತ್ತತೊಡಗಿದ ಮೇಲೆ ಟೇಲರಕ್ಕ ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. "ತುಂಬಾ ತಡ ಮಾಡ್ಬಿಟ್ರಲ್ಲಮ್ಮಾ" ಎಂದರು ಡಾಕ್ಟರು. ಆಮೇಲೆ ಮೆಲ್ಲಗೆ, "ಅಕ್ಕತಂಗೀರು ಇದ್ರೆ ಅವರನ್ನೂ ಕರ್ಕೊಂಡ್ ಬನ್ನಿ" ಎಂದರು. ನನ್ನ ಕಥೆ ಮುಗಿಯಿತು, ತಂಗಿಯಾದರೂ ಉಳಿಯಲಿ ದೇವರೇ ಎಂದು ಅಳುತ್ತ ನೆಟ್ಟಗೆ ತಂಗಿಯ ಮನೆಗೇ ಹೋದಳು.

ತಂಗಿ ಪಾತ್ರೆ ಉಜ್ಜುತ್ತಿದ್ದಳು. ಅಕ್ಕ ಒಂದನ್ನೂ ಮುಚ್ಚಿಡದೆ ಹೇಳಿದಳು. "ನನ್ ಹಾಗೆ ಹುಚ್ಚಾಟ ಆಡ್ಬೇಡ ಕಣೇ. ನಾಳೆನೇ ನಡಿ, ತೋರಿಸ್ಕೋ."

ತಂಗಿ ಅಕ್ಕನನ್ನು ತಬ್ಬಿಕೊಂಡು ಗಳಗಳನೆ ಅತ್ತಳು. ಅತ್ತು ಮುಗಿದ ಮೇಲೆ ತಲೆ ಅಲ್ಲಾಡಿಸಿದಳು. "ಈಗ್ಲೇ ಬೇಡಕ್ಕಾ. ಇನ್ನೊಂದಿಷ್ಟು ದಿನ ಹೋಗ್ಲಿ."

"ಯಾಕೇ?"

ಟೇಲರಕ್ಕನ ಕಣ್ಣು ಅಭ್ಯಾಸಬಲದಿಂದ ತಂಗಿಯ ಅಂಗಿಯ ಮೇಲೆ ಹರಿಯಿತು. ಅದು ತಾನೇ ಹೊಲಿದುಕೊಟ್ಟ ಅಂಗಿ. ಬಲಗಡೆಯ ಹೊಲಿಗೆ ಮಾತ್ರ ತನ್ನದಲ್ಲ. ಬಿಚ್ಚಿ, ಸಡಿಲ ಮಾಡಿ, ಬೇರೆ ದಾರದಲ್ಲಿ ಸೊಟ್ಟಸೊಟ್ಟಗೆ ಕೈಯಲ್ಲಿ ಹೊಲಿದಿತ್ತು.

"ಬಾಯಿ ಬಿಡೇ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಅಕ್ಕ ಅವಳ ಭುಜ ಹಿಡಿದು ಅಲುಗಿಸಿದಳು.

ತಂಗಿ ತುಟಿ ಬಿಗಿದುಕೊಂಡೇ ನಿಂತಿದ್ದಳು.