ಸೊನ್ನೆ ಬಿದ್ದ ಸ್ಟಾಪು

ಎಂಬತ್ತರ ದಶಕದಲ್ಲಿ ನಾನು ಹಿಂದೂಪುರದ ಒಂದು ಖಾಸಗಿ ಬಸ್ ಆಫೀಸಿನಲ್ಲಿ ಟೈಮಿಂಗ್ ಬರೆಯುವ ಗುಮಾಸ್ತನಾಗಿದ್ದೆ. ಮನೆಯಲ್ಲಿ ಮಗ್ಗವಿತ್ತು, ನನಗೆ ಅದು ಒಗ್ಗಲಿಲ್ಲ. ಲೆಕ್ಕದಲ್ಲಿ ಚುರುಕು ಎಂಬ ಜಂಬ ಮಾತ್ರ ಬೇಕಾದಷ್ಟಿತ್ತು. ನಮ್ಮ ಆಫೀಸಿಗೆ ಇದ್ದದ್ದು ಕಲ್ಯಾಣದುರ್ಗಕ್ಕೆ ಹೋಗಿಬರುವ ಒಂದೇ ಬಸ್ಸು, ಚಾರ್ಜು ಬೇರೆಯವರಿಗಿಂತ ಕಡಿಮೆ. ಅಷ್ಟರಲ್ಲಿ ಗಿಟ್ಟಬೇಕಾದರೆ ಬಸ್ಸು ಎಲ್ಲೂ ಸುಮ್ಮನೆ ನಿಲ್ಲಬಾರದು. "ನಿಲಬಡಿನ ಬಸ್ಸು ತಿಂಟುಂದಿ, ತಿರಿಗೇ ಬಸ್ಸು ಪೆಡುತುಂದಿ" ಎನ್ನುತ್ತಿದ್ದರು ಬಸ್ಸಿನ ಸಾಹುಕಾರರು. ನಿಂತ ಬಸ್ಸು ತಿನ್ನುತ್ತದೆ, ಓಡುವ ಬಸ್ಸು ಉಣಿಸುತ್ತದೆ.

ದಿನಕ್ಕೆ ಎರಡನೇ ಟ್ರಿಪ್ ಹೊಂದಿಸು ಎಂದು ಅವರು ಹೇಳಿದಾಗ ಹಳೆಯ ಟ್ರಿಪ್ ಶೀಟುಗಳನ್ನು ಹರಡಿಕೊಂಡು ಕೂತೆ. ಯಾವ ಸ್ಟಾಪಿನಲ್ಲಿ ಎಷ್ಟು ಟಿಕೆಟ್ ಹರಿದಿದೆ ಎಂದು ಅದರಲ್ಲಿರುತ್ತಿತ್ತು. ಸೋಮಂದೇಪಲ್ಲಿಯಲ್ಲಿ ಟೀಗೆ ನಿಲ್ಲುವ ಹೊತ್ತನ್ನು ಅರ್ಧ ಮಾಡಿದೆ. ಕಲ್ಯಾಣದುರ್ಗದಲ್ಲಿ ಜನ ಇಳಿದ ತಕ್ಷಣ ಹತ್ತಿಸಿಕೊಂಡು ತಿರುಗಬೇಕು ಎಂದೆ. ಪೆನುಕೊಂಡ ದಾಟಿದ ಮೇಲೆ ಬಸ್ಸು ರಸ್ತೆ ಬಿಟ್ಟು ಒಂದು ಹಳ್ಳಿಯೊಳಗೆ ಹೋಗಿಬರುತ್ತಿತ್ತು. ಅದು ನಮ್ಮಕ್ಕನನ್ನು ಕೊಟ್ಟ ಊರು. ಶೀಟಿನಲ್ಲಿ ಆ ಊರಿನ ಎದುರು ತಿಂಗಳುಗಟ್ಟಲೆ ಸೊನ್ನೆ.

ಲಕ್ವ ಹೊಡೆದು ಮಲಗಿದ್ದ ಅಮ್ಮನನ್ನು ನೋಡಲು ಅಕ್ಕ ಪ್ರತಿ ಗುರುವಾರ ಬರುತ್ತಿದ್ದಳು. ನಾನು ಆಫೀಸಿನಿಂದ ಮನೆ ಸೇರುವಷ್ಟರಲ್ಲಿ ಹೊರಟಿರುತ್ತಿದ್ದಳು. ಮುಖ್ಯರಸ್ತೆಯವರೆಗೆ ನಡೆದು ಸರ್ಕಾರಿ ಬಸ್ಸು ಹಿಡಿಯುತ್ತಾಳೆ ಅಂದುಕೊಂಡಿದ್ದೆ. ಕೇಳಬಹುದಿತ್ತು, ಕೇಳಲಿಲ್ಲ. ಅಕ್ಕನ ಊರೆಂದು ಉಳಿಸಿಕೊಂಡ ಅಂತ ಯಾರೂ ಆಡಿಕೊಳ್ಳಬಾರದೆಂದು ಮೊದಲು ಆ ಸ್ಟಾಪನ್ನೇ ಹೊಡೆದುಹಾಕಿದೆ. ಹೊಸ ಶೀಟು ನೋಡಿ ಕಂಡಕ್ಟರ್ ತಲೆ ಕೆರೆದುಕೊಂಡ, ಮಡಚಿ ಜೇಬಿಗಿಟ್ಟುಕೊಂಡ.

ಹೊಸ ಟೈಮಿಂಗ್ ಶುರುವಾದ ಮೊದಲ ಗುರುವಾರ ಬೆಳಿಗ್ಗೆಯೇ ಅಮ್ಮನಿಗೆ ಮೇಲುಸಿರು ಹತ್ತಿತು. ಆಫೀಸಿಗೆ ಹೋಗದೆ ಪಕ್ಕದಲ್ಲೇ ಕೂತೆ.

"ಬಸ್ಸು ಬಂತೇನ್ಲಾ?" ಎಂದು ಅಮ್ಮ ಕೇಳುತ್ತಲೇ ಇದ್ದಳು.

"ಬತ್ತಾಳೆ ಕಣಮ್ಮ."

ನಮ್ಮ ಬಸ್ಸು ನಾನು ಬರೆದ ಹೊತ್ತಿಗೆ ಸರಿಯಾಗಿ ಬಂತು, ಹಾರ್ನು ಮನೆಗೆ ಕೇಳಿಸಿತು. ಅಕ್ಕ ಬರಲಿಲ್ಲ. ಮಧ್ಯಾಹ್ನಕ್ಕೆ ಅಮ್ಮ ಹೋಗಿಬಿಟ್ಟಳು.

ಅಕ್ಕ ಯಾವುದೋ ಲಾರಿ ಹತ್ತಿ ಸಂಜೆ ಬಂದಳು. "ಬಸ್ಸು ಊರೊಳಕ್ಕೆ ಬರ್ಲೇ ಇಲ್ಲ ಕಣಪ್ಪ" ಎಂದಷ್ಟೇ ಹೇಳಿ ಅಮ್ಮನ ಕಾಲ ಹತ್ತಿರ ಕುಸಿದಳು. ಅಲ್ಲಿಗೆ ಬಂದಿದ್ದ ಕಂಡಕ್ಟರ್ ಬಾಗಿಲಲ್ಲೇ ಅಳತೊಡಗಿದ. "ತಪ್ಪಾಗೋಯ್ತು ಸಾರ್. ನಮ್ಮ ಬಸ್ಸಲ್ಲೇ ಬರ್ತಿದ್ರು, ನಿಮ್ಮಕ್ಕ ಅಂತ ನಾನು ಯಾವತ್ತೂ ಟಿಕೆಟ್ ಹರೀಲಿಲ್ಲ."

ಅವನು ಮಾಡಿದ್ದು ನನ್ನ ಮೇಲಿನ ಮರ್ಯಾದೆಗೆ. ತಮ್ಮನೇ ಹೇಳಿ ಚಾರ್ಜು ಬಿಡಿಸಿದ್ದಾನೆ ಅಂತ ಅಕ್ಕನೂ ಸುಮ್ಮನಿದ್ದಳಂತೆ. ನಾನು ಹೊಡೆದುಹಾಕಿದ ಸೊನ್ನೆ ಅವಳೇ.

ತಿಥಿ ಮುಗಿಯುವಷ್ಟರಲ್ಲಿ ಆ ಸ್ಟಾಪನ್ನು ಮತ್ತೆ ಬರೆದಿದ್ದೆ. ಅಕ್ಕನನ್ನು ಬಸ್ಸು ಹತ್ತಿಸಲು ಹೋದೆ. ಅವಳು ಸೆರಗಿನ ಗಂಟು ಬಿಚ್ಚಿ ಚಾರ್ಜು ತೆಗೆದಳು. ಕಂಡಕ್ಟರ್ ಬೇಡವೆಂದು ಕೈ ಹಿಂದಕ್ಕೆಳೆದುಕೊಂಡ.

"ಟಿಕೆಟ್ ಹರಿಯಪ್ಪ," ಎಂದಳು ನನ್ನ ಕಡೆ ನೋಡದೆ. "ಆ ಊರಲ್ಲಿ ನಾನೂ ಒಬ್ಳು ಇದ್ದೀನಿ ಅಂತ ನನ್ನ ತಮ್ಮಂಗೆ ಗೊತ್ತಾಗ್ಲಿ."