ಕುಂಟೆತ್ತಿಗೆ ಬೇಕಾದ ಮಣ್ಣು

ಇದನ್ನು ಬರೆಯಬೇಕೆಂದು ನಾಲ್ಕು ಸಲ ಕೂತು ನಾಲ್ಕು ಸಲವೂ ಎದ್ದಿದ್ದೇನೆ. ಒಮ್ಮೆ ಕಣ್ಣು ಮಂಜು ಎಂದೆ, ಒಮ್ಮೆ ಬಿಸಿಲು ಎಂದೆ. ಈಗ ಕಣ್ಣಿನ ಪೊರೆ ತೆಗೆಸಿಯಾಗಿದೆ, ನೆಪ ಉಳಿದಿಲ್ಲ. ನನ್ನ ತಂಗಿಗೆ ನಾನು ಒಂದು ಅನ್ಯಾಯ ಮಾಡಿದ್ದೇನೆ. ಐವತ್ತು ವರ್ಷ ದಾಟಿದರೂ ಅದಕ್ಕೆ ಕ್ಷಮೆ ಕೇಳಿಲ್ಲ.

ಅದನ್ನು ನೆನಪಿಸಿದ್ದು ಮೊಮ್ಮಗಳ ಫೋನು. ರಾಯಚೂರಿನ ನಮ್ಮ ಮನೆಯಲ್ಲಿ ಕಣ್ಣಿನ ಪಟ್ಟಿ ಬಿಚ್ಚಿದ ವಾರ ಅವಳು ನನ್ನ ಪಕ್ಕ ಕೂತು, "ಅಜ್ಜಾ, ಸಣ್ಣದೆಲ್ಲ ಕಾಣ್ತದೇನು ನೋಡು" ಎಂದು ಪರದೆ ಹಿಡಿದಳು. ಮಣ್ಣಿನ ನರಿಯೊಂದು ಮೇಜಿನ ಮೇಲೆ ನಡೆಯುತ್ತಿತ್ತು. ಅದಕ್ಕೆ ಒಂದೇ ಕಿವಿ. ಎಡವಿತು, ಎದ್ದಿತು, ನಮ್ಮ ಕಡೆ ತಿರುಗಿ ನಾಚಿಕೊಂಡು ಮುಖ ಮುಚ್ಚಿಕೊಂಡಿತು. ಮೈಮೇಲೆ ಮಾಡಿದವರ ಹೆಬ್ಬೆರಳಿನ ಗುರುತು ಹಾಗೇ ಇತ್ತು.

"ಒಳಗ ಮಷೀನ್ ಅದೇನು?" ಎಂದೆ.

"ಇಲ್ಲಜ್ಜ. ಒಂದು ಎಳಿಯಷ್ಟು ಸರಿಸಬೇಕು, ಫೋಟೋ ತೆಗಿಬೇಕು, ಮತ್ತ ಸರಿಸಬೇಕು. ಎಲ್ಲಾ ಜೋಡಿಸಿದ್ರ ನಡದಂಗ ಕಾಣ್ತದ."

ಆಮೇಲೆ ನನಗೆ ಅದೇ ಹುಚ್ಚು. ಚಿಂತೆಯ ಮುಖದ ಉಣ್ಣೆಯ ಇಲಿ. ಮೆಳ್ಳಗಣ್ಣಿನ ಚಹಾ ಕಿತ್ತಲಿ. ಗೋಡೆಯ ಜಿಡ್ಡಿನ ಕಲೆಗಳಿಗೆ ಮೀಸೆ ಬರೆದು ಮುದುಕರನ್ನಾಗಿ ಮಾಡುವ ಒಬ್ಬ ಹೆಂಗಸು. ಮೂವತ್ತು ವರ್ಷ ಅಕ್ಕಿ ಗಿರಣಿಯಲ್ಲಿ ಚೀಲಗಳ ಮೇಲೆ ತಗಡಿನ ಅಚ್ಚಿಟ್ಟು ಗುರುತು ಹೊಡೆದವನು ನಾನು. ಅಕ್ಷರ ಒಂದು ನೂಲಿನಷ್ಟು ಸೊಟ್ಟಗಾದರೂ ಸಹಿಸುತ್ತಿರಲಿಲ್ಲ. ಇಲ್ಲಿ ಎಲ್ಲವೂ ಸೊಟ್ಟ, ಆದರೂ ನೋಡಿದವರೆಲ್ಲ ಮೆಚ್ಚಿ ಬರೆದಿದ್ದರು. ನರಿಯ ಕೆಳಗೆ ಯಾರೋ ಕನ್ನಡದಲ್ಲೇ, "ಆ ಇಲ್ಲದ ಕಿವಿಯೇ ಚೆಂದ" ಎಂದಿದ್ದರು. ಮೂರು ಸಲ ಓದಿದೆ. ತಂಗಿ ಹಿಂದೆ ಮಾಡಿದ್ದ ಒಂದು ಎತ್ತು ನೆನಪಾಯಿತು.

ನಾವು ಹುಟ್ಟಿ ಬೆಳೆದದ್ದು ಮಾನ್ವಿಯ ಹತ್ತಿರ, ಕಾಲುವೆಯ ದಂಡೆಗೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲೂ ಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಮರುದಿನ ಓಣಿಯ ಹುಡುಗರು ಕಾಲು ಮುರಿದ ಒಂದು ಎತ್ತನ್ನು ಹಲಗೆಯ ಮೇಲಿಟ್ಟುಕೊಂಡು, ಕುಂಟೆತ್ತು ಬಂದಿದೆಯೆಂದು ಹಾಡುತ್ತ ಮನೆಮನೆಗೆ ಹೋಗಿ ಜೋಳ ಎತ್ತುತ್ತಾರೆ. ನನ್ನ ತಂಗಿಗೆ ಚಿಕ್ಕಂದಿನಲ್ಲೇ ಜ್ವರ ಬಂದು ಬಲಗಾಲು ಸೊರಗಿತ್ತು. ಓಣಿ ಸುತ್ತಲು ಆಗದವಳು, ಆ ವರ್ಷ ಎತ್ತನ್ನು ತಾನೇ ಮಾಡಿಕೊಡುತ್ತೇನೆಂದಳು.

ಎಲ್ಲರೂ ಮಾಡುವುದು ಒಳ್ಳೆಯ ಎತ್ತು. ಆಮೇಲೆ ಒಂದು ಕಾಲು ಮುರಿಯುವುದು, ಅಷ್ಟೇ. ಅವಳು ಹಾಗೆ ಮಾಡಲಿಲ್ಲ. ಮೂರು ಕಾಲು ಮಾಡಿ, ನಾಲ್ಕನೆಯದರ ಜಾಗಕ್ಕೆ ತೊಗರಿಕಟ್ಟಿಗೆಯ ಊರುಗೋಲು ಕೊಟ್ಟಳು. ಒಂದು ಕೋಡು ಮೇಲಕ್ಕೆ, ಒಂದು ಪಕ್ಕಕ್ಕೆ. ಬಾಯಿ ತೆರೆದು ನಗುತ್ತಿತ್ತು. ಓಣಿಯೇ ನೋಡಲು ಬಂತು. ನನ್ನ ಗೆಳೆಯನೊಬ್ಬ, "ಏನಲೇ, ನಿನ್ನ ತಂಗಿ ತನ್ನ ಫೋಟೋನ ತಗದಾಳಲ್ಲಲೇ" ಎಂದ. ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. ನಾನೊಬ್ಬನೇ ನಗಲಿಲ್ಲ. ಆಗಷ್ಟೇ ಎಸ್ಸೆಸ್ಸೆಲ್ಸಿ ಪಾಸಾಗಿದ್ದ ದೊಡ್ಡ ಮನುಷ್ಯ ನಾನು. ಎತ್ತನ್ನು ಕಸಿದು ಒರಳಿಗೆ ಅಪ್ಪಳಿಸಿ, "ಮನ್ಯಾಗ ಒಂದು ಕುಂಟೆತ್ತು ಸಾಲದೇನು?" ಎಂದೆ.

ಅವಳು ಅಳಲಿಲ್ಲ. ಚೂರುಗಳನ್ನು ಲಂಗದ ಉಡಿಯಲ್ಲಿ ತುಂಬಿಕೊಂಡು ಒಳಗೆ ಹೋದಳು. ಮುಂದೆ ಯಾವ ಅಮಾವಾಸ್ಯೆಗೂ ಮಣ್ಣು ಮುಟ್ಟಲಿಲ್ಲ. ಮದುವೆಯಾಗಿ ದೇವದುರ್ಗಕ್ಕೆ ಹೋದಳು, ಹೊಲಿಗೆ ಕಲಿತಳು. ಈಗಲೂ ಬ್ಲೌಸ್ ಹೊಲಿಯುತ್ತಾಳೆ, ಗೆರೆ ಎಳೆದಂಥ ನೇರ ಹೊಲಿಗೆ. ಅಂದಿನ ಮಾತು ಓಣಿಗೆ ಅಂಟಿಕೊಂಡಿತು. ಅವಳನ್ನು ಎಲ್ಲರೂ ಕುಂಟೆತ್ತು ಎಂದೇ ಕರೆದರು, ನಾನೂ ಸೇರಿ.

ನರಿಯನ್ನು ನೋಡಿದ ಮೇಲೆ ಹಟ ಹಿಡಿಯಿತು. ಅಂಥದ್ದೇ ಎತ್ತು ಮಾಡಿ ಅವಳ ಕೈಗಿಟ್ಟು ಕ್ಷಮೆ ಕೇಳಬೇಕು. ಹಿತ್ತಲಿನ ಮಣ್ಣು ಕಲಸಿದೆ.

"ಮಣ್ಣಾಗ ಆಡೋ ವಯಸ್ಸೇನ್ರಿ ಇದು?" ಎಂದಳು ಹೆಂಡತಿ.

"ಆಡಿದ್ದಲ್ಲ, ಮುರಿದದ್ದು ಕಟ್ಟಾಕತ್ತೀನಿ" ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ಮೊಮ್ಮಗಳು ಮೊದಲನೆಯದನ್ನು ತಿರುಗಿಸಿ ನೋಡಿ, "ಅಜ್ಜಾ, ಇದು ಎತ್ತಲ್ಲ, ಆಮಿ ಆಗ್ಯಾದ" ಎಂದಳು. ಎರಡನೆಯದರ ಕೋಡು ಉದುರಿತು. ಆರನೆಯದು ನಿಂತಿತು, ಬೆಳಗಾಗುವಷ್ಟರಲ್ಲಿ ಬೆನ್ನು ಬಿರಿದಿತ್ತು. ಏಳನೆಯದೂ ಬಿರಿಯಿತು. ಕೊನೆಗೆ ತಂಗಿಗೇ ಫೋನು ಮಾಡಿದೆ.

"ನಾಳಿ ಬರಾಕತ್ತೀನಿ."

"ಯಾಕಣ್ಣ, ಆರಾಮ ಅದೀಯಿಲ್ಲೋ?"

"ಆರಾಮ ಅದೀನಿ. ನಿನಗೊಂದು ಎತ್ತು ಕೊಡೋದದ."

"ಎತ್ತು ತಗೊಂಡು ಏನ್ ಮಾಡ್ಲಿ? ಹೊಲಿಗಿ ಮಷೀನಿಗೆ ಕಟ್ಲೇನು?"

"ಮಣ್ಣಿಂದು. ಮೂರು ಕಾಲಿಂದು."

ಆಚೆ ಮಷೀನಿನ ಸದ್ದು ನಿಂತಿತು. ಆಮೇಲೆ ಕೇಳಿದಳು: "ಯಾವ ಮಣ್ಣಾಗ ಮಾಡೀದಿ?"

"ಹಿತ್ತಲದಾಗಿಂದು. ಬಿರಿಯಾಕತ್ತದ."

"ಬಿರೀದೇ ಏನು? ಕಾಲುವಿ ಮಣ್ಣು ಬೇಕು. ಅದರಾಗ ಒಂದು ಹಿಡಿ ಹತ್ತಿ ಬಿಡಿಸಿ ಹಾಕಿ ನಾದಬೇಕು. ನಾನು ಹಂಗ ಮಾಡ್ತಿದ್ದೆ."

ಐವತ್ತು ವರ್ಷವಾದರೂ ಅವಳ ಬೆರಳುಗಳು ಅದನ್ನು ಮರೆತಿರಲಿಲ್ಲ. ಕ್ಷಮೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಅವಮಾನ ಮಾಡಿದ್ದು ಎದುರು ನಿಂತು. ಫೋನಿನಲ್ಲಿ ಕೇಳಿ ಪಾರಾಗುವುದು ಬೇಡ.

ಹತ್ತಿಯನ್ನು ಕವರಿನಲ್ಲಿ ಕಟ್ಟಿಟ್ಟಿದ್ದೇನೆ. ಬೆಳಿಗ್ಗೆ ಮೊದಲ ಬಸ್ಸಿಗೆ ಮಾನ್ವಿಗೆ ಹೋಗಿ ಕಾಲುವೆಯ ಮಣ್ಣು ತೆಗೆದುಕೊಂಡು ಅಲ್ಲಿಂದ ದೇವದುರ್ಗದ ಬಸ್ಸು ಹತ್ತುತ್ತೇನೆ. ಮಾಡಿದ ಎತ್ತು ಒಯ್ಯುವುದಿಲ್ಲ. ಮಣ್ಣನ್ನು ಅವಳ ಮುಂದಿಟ್ಟು, ಓಣಿಯವರು ಕರೆದಂತೆ ಅಲ್ಲ, ನಮ್ಮವ್ವ ತೊಟ್ಟಿಲಲ್ಲಿಟ್ಟು ಕರೆದ ಹೆಸರಿನಿಂದಲೇ ಕರೆಯುತ್ತೇನೆ. ಆ ಮಾತು ತೊದಲಬಾರದೆಂದು ಸಂಜೆಯಿಂದ ಒಬ್ಬನೇ ಹೇಳಿಕೊಳ್ಳುತ್ತಿದ್ದೇನೆ: ತಪ್ಪಾತು, ತಂಗೆವ್ವಾ.