ಪೈಪಿನ ಆ ತುದಿ

ನಮ್ಮ ದೊಡ್ಡಮ್ಮ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ, ಕೇಬಲ್ಲನ್ನಂತೂ ಮೊದಲೇ ಇಲ್ಲ. ಹೊಸ ಕೇಬಲ್ಲಿನ ಪೆಟ್ಟಿಗೆ ಅಂಗಡಿಗೆ ಬಂದರೆ ಅದರ ಮೇಲೆ ಅಚ್ಚಾದದ್ದನ್ನು ಓದುತ್ತಲೇ ಇರಲಿಲ್ಲ. ತುದಿಯ ಸಿಪ್ಪೆ ಸುಲಿದು, ಒಳಗಿನ ಒಂದು ತಂತಿಯನ್ನು ಚಾಕುವಿನಲ್ಲಿ ಕೆರೆದು, ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದಳು. ಕೆರೆದಷ್ಟೂ ಕೆಂಪಾಗಿದ್ದರೆ ತಾಮ್ರ. ಕೆಂಪಿನ ಕೆಳಗೆ ಬಿಳುಪು ಇಣುಕಿದರೆ ತಾಮ್ರದ ನೀರು ಹಾಕಿದ ಅಲ್ಯೂಮಿನಿಯಂ. "ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು. ತಗೊಂಡ್ ಹೋಗಪ್ಪಾ" ಎಂದು ತಂದವನ ಕೈಗೇ ವಾಪಸ್ಸು.

ಈ ಊರಿನ ಶಾಲೆ, ಬ್ಯಾಂಕು, ಕಚೇರಿಗಳ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿದವರು ದೊಡ್ಡಪ್ಪ, ದೊಡ್ಡಮ್ಮ ಇಬ್ಬರೇ. ಅವರ ಅಂಗಡಿಗೂ ನನ್ನ ಅಮ್ಮನ ಹೊಲಿಗೆ ಅಂಗಡಿಗೂ ಒಂದೇ ಗೋಡೆ. ಶಾಲೆ ಬಿಟ್ಟ ಮೇಲೆ ನಾನು ಕೇಬಲ್ ಸುರುಳಿಗಳ ಮೇಲೆ ಒರಗಿಯೇ ಬೆಳೆದವಳು. ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ನನಗೆ ಆ ಸಂಜೆಗಳು ಬೇಕೆನಿಸುತ್ತವೆ. ಮಗ್ಗಿಗಿಂತ ಮೊದಲು ನನಗೆ ಬಾಯಿಪಾಠವಾದದ್ದು ಒಳತಂತಿಗಳ ಸಾಲು: ಕೇಸರಿ ಬಿಳಿ, ಕೇಸರಿ, ಹಸಿರು ಬಿಳಿ, ನೀಲಿ, ನೀಲಿ ಬಿಳಿ, ಹಸಿರು, ಕಂದು ಬಿಳಿ, ಕಂದು. ಈಗ ನಾನೂ ಅಮ್ಮನ ಜಾಗದಲ್ಲಿ ಕೂತು ಬಟ್ಟೆ ಹೊಲಿಯುತ್ತೇನೆ. ಮಗ್ಗಿ ಮರೆತಿದೆ, ಇದು ಮರೆತಿಲ್ಲ.

ಗಿರಾಕಿಗಳು "ಯಾವ ಕೇಬಲ್ ಹಾಕ್ತೀರಾ?" ಎಂದು ಕೇಳಿದರೆ ದೊಡ್ಡಮ್ಮ, "ನನ್ನೇನು ಕೇಳ್ತೀರಾ? ಮೊದಲು ನಿಮ್ಮ ಗೋಡೆ ಏನನ್ನುತ್ತೋ ನೋಡೋಣ" ಅನ್ನುತ್ತಿದ್ದಳು. ಗೋಡೆಯನ್ನು ಬೆರಳಿನಲ್ಲಿ ತಟ್ಟುತ್ತ ಕೋಣೆಯೆಲ್ಲ ಸುತ್ತುತ್ತಿದ್ದಳು. ಪಕ್ಕದಲ್ಲೇ ಕರೆಂಟಿನ ಲೈನೋ ಮೋಟರೋ ಇದ್ದರೆ ಬೆಳ್ಳಿಕಾಗದ ಸುತ್ತಿದ ಕೇಬಲ್. ಎರಡು ಕಟ್ಟಡ ದೂರದೂರ ಇದ್ದರೆ ಗಾಜಿನ ಎಳೆಯದು. ಇವತ್ತು ಇದ್ದು ನಾಳೆ ಖಾಲಿ ಮಾಡುವ ಬಾಡಿಗೆ ಕೋಣೆಯಾದರೆ ವೈಫೈ ಸಾಕು. ಗೋಡೆ ಬೇಡ ಅಂದದ್ದನ್ನು ಅವಳು ಮಾಡುತ್ತಿರಲಿಲ್ಲ.

ಕೇಬಲ್ ಎಳೆಯುವುದು ಇಬ್ಬರ ಕೆಲಸ. ಗೋಡೆಯೊಳಗಿನ ಪೈಪಿನ ಈ ತುದಿಯಲ್ಲಿ ದೊಡ್ಡಪ್ಪ ಕೇಬಲ್ ಬಿಡುತ್ತಿದ್ದ, ಆ ತುದಿಯಲ್ಲಿ ದೊಡ್ಡಮ್ಮ ಎಳೆಯುತ್ತಿದ್ದಳು. ನಡುವೆ ಗೋಡೆ, ಮುಖ ಕಾಣದು. ಪೈಪಿಗೆ ಬಾಯಿಟ್ಟು ದೊಡ್ಡಪ್ಪ "ಬಂತಾ?" ಅನ್ನಬೇಕು, ಅವಳು "ಬರ್ತಾ ಇದೆ, ಬಿಡಿ" ಅನ್ನಬೇಕು. ಮನೆಯಲ್ಲಿ ಇಬ್ಬರೂ ಹಾವು ಮುಂಗುಸಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ಇವರದು ಮಾರನೆಯ ದಿನದ ಪೈಪಿನ ತನಕ. ಮನೆಯಲ್ಲಿ ಮಾತು ಬಿಟ್ಟಿದ್ದರೂ ಪೈಪಿನಲ್ಲಿ ಮಾತು ಬಿಡುವಂತಿರಲಿಲ್ಲವಲ್ಲ! "ಬಂತಾ?" ಎಂದು ಶುರುವಾದದ್ದು "ಇನ್ನೂ ಕೋಪಾನಾ?" ಎಂಬಲ್ಲಿಗೆ ಬಂದು, ಕೇಬಲ್ಲಿನ ತುದಿ ಹೊರಬೀಳುವಷ್ಟರಲ್ಲಿ ರಾಜಿಯಾಗಿರುತ್ತಿತ್ತು.

ಇನ್ನೊಂದು ನೇಮವಿತ್ತು. ಯಾವ ಪೈಪನ್ನೂ ಬರಿದಾಗಿ ಬಿಡಬಾರದು, ಮುಂದೆ ಯಾರಾದರೂ ಕೇಬಲ್ ಎಳೆಯಬೇಕಾದರೆ ಬೇಕೆಂದು ಒಳಗೊಂದು ಹಗ್ಗ ಬಿಟ್ಟು ಬರಬೇಕು. ದೊಡ್ಡಪ್ಪನ ಬಳಿ ಹಗ್ಗ ಯಾವಾಗಲೂ ಮುಗಿದಿರುತ್ತಿತ್ತು. ಆಗ ಮನೆಯ ಹಿಂದೆ ಬಟ್ಟೆ ಒಣಹಾಕುವ ಹಗ್ಗಕ್ಕೆ ಕಾಲು ಬರುತ್ತಿತ್ತು. ಒದ್ದೆ ಬಟ್ಟೆಯ ಬಕೆಟ್ ಹಿಡಿದು ದೊಡ್ಡಮ್ಮ "ನನ್ನ ಹಗ್ಗ ಎಲ್ಲಿ?" ಎಂದು ಕೂಗಿದರೆ, ದೊಡ್ಡಪ್ಪ ಪೇಪರಿನಿಂದ ತಲೆ ಎತ್ತದೆ, "ಕಾಗೆ ತಗೊಂಡ್ ಹೋಯ್ತು" ಅನ್ನುತ್ತಿದ್ದ.

ದೊಡ್ಡಪ್ಪ ಹೋದ ಮೇಲೆ ದೊಡ್ಡಮ್ಮ ಅಂಗಡಿ ಮುಚ್ಚಲಿಲ್ಲ. ಆದರೆ ಕೇಬಲ್ ಪೆಟ್ಟಿಗೆಗಳು ಮೂಲೆ ಸೇರಿದವು. ಎಲ್ಲೆಲ್ಲೂ ವೈಫೈ. ಬ್ಯಾಂಕಿನವರು ಮೇಲ್ಮಹಡಿಗೆ ಕೇಬಲ್ಲೇ ಬೇಕು ಅಂದಾಗ ಆಗಲ್ಲ ಅಂದುಬಿಟ್ಟಳು. "ಕಾಲ ಬದಲಾಯ್ತು ಕಣೇ, ಈಗ ಯಾರಿಗೆ ಬೇಕು ತಂತಿ?" ಎಂದು ನನಗೇ ಪಾಠ ಹೇಳಿದಳು. ನಾನು ನಂಬಿಬಿಟ್ಟೆ. ಬಟ್ಟೆ ಹೊಲಿಯುವವಳಿಗೆ ಕಾಲ ಬದಲಾಗುವುದು ಹೊಸ ಸುದ್ದಿಯೇನಲ್ಲ.

ಅವಳ ಗುಟ್ಟು ರಟ್ಟಾದದ್ದು ಆಸ್ಪತ್ರೆಯ ಕೆಲಸದಿಂದ. ಅಲ್ಲಿಗೆ ಹೊಸ ಎಕ್ಸ್‌ರೇ ಯಂತ್ರ ಬಂದಿತ್ತು, ಫಿಲ್ಮು ಇಲ್ಲದ್ದು. ಚಿತ್ರ ಆ ಕೋಣೆಯಿಂದ ನೇರವಾಗಿ ಡಾಕ್ಟರಮ್ಮನ ಮೇಜಿನ ಕಂಪ್ಯೂಟರಿಗೆ ಹೋಗಬೇಕು. ಎಕ್ಸ್‌ರೇ ಕೋಣೆಯ ಗೋಡೆಯೊಳಗೂ ಬಾಗಿಲೊಳಗೂ ಸೀಸದ ತಗಡು ಇರುತ್ತದೆ, ಅದರ ಮುಂದೆ ವೈಫೈ ಏನು ಲೆಕ್ಕ? ದೊಡ್ಡಮ್ಮ ಒಂದು ವೈಫೈ ಪೆಟ್ಟಿಗೆ ಕೂರಿಸಿದಳು, ಇನ್ನೊಂದು ತಂದಳು, ಆಮೇಲೆ ಉದ್ದ ಆಂಟೆನಾದ್ದು ತಂದಳು. ಬಾಗಿಲು ತೆರೆದರೆ ಚಿತ್ರ ಹೋಗುತ್ತಿತ್ತು, ಮುಚ್ಚಿದರೆ ನಿಂತುಬಿಡುತ್ತಿತ್ತು. ಎಕ್ಸ್‌ರೇ ತೆಗೆಯುವಾಗ ಬಾಗಿಲು ಮುಚ್ಚಲೇಬೇಕು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

"ಸೋಮವಾರ ಬೇರೆ ಕಂಪನಿಯವರು ನೋಡೋಕೆ ಬರ್ತಾರಮ್ಮ. ಅದರೊಳಗೆ ಆದ್ರೆ ಕೆಲಸ ನಿಮ್ಮದೇ" ಎಂದರು ಡಾಕ್ಟರಮ್ಮ. ಬೈದು ಹೇಳಿದ್ದರೆ ದೊಡ್ಡಮ್ಮ ತಿರುಗಿ ಬೀಳುತ್ತಿದ್ದಳೇನೋ. ಮೆತ್ತಗೆ ಹೇಳಿದ್ದಕ್ಕೆ ಕುಸಿದುಹೋದಳು.

"ಅಂಗಡಿ ಬಾಗಿಲು ಹಾಕ್ಬಿಡ್ತೀನಿ" ಅಂದಳು ಅಂಗಡಿಗೆ ವಾಪಸ್ಸು ಬಂದವಳೇ. "ಗೋಡೆ ಮಾತು ಕೇಳದೇ ಇದ್ದವಳು ಈ ಕೆಲಸಕ್ಕೆ ಲಾಯಕ್ಕಿಲ್ಲ."

ನನಗೆ ರೇಗಿತು. ಆ ಅಂಗಡಿ ಮುಚ್ಚಿದರೆ ನನ್ನ ಬಾಲ್ಯಕ್ಕೇ ಬೀಗ ಬಿದ್ದಂತೆ. "ಸೀಸದ ಗೋಡೆ ಅಂತ ನಿಂಗೆ ಗೊತ್ತಿರಲಿಲ್ವಾ ದೊಡ್ಡಮ್ಮಾ? ಗೊತ್ತಿದ್ದೂ ಗೋಡೆಗೆ ತಲೆ ಚಚ್ಕೊಂಡೆಯಲ್ಲ! ಆಸ್ಪತ್ರೆ ಕಟ್ಟುವಾಗ ದೊಡ್ಡಪ್ಪ ಅಲ್ಲಿ ಖಾಲಿ ಪೈಪು ಹಾಕ್ಸಿರಲಿಲ್ವಾ? 'ಒಂದು ದಿನ ಈ ಫಿಲ್ಮೆಲ್ಲ ತಂತೀಲಿ ಹೋಗುತ್ತೆ' ಅಂತ ಹೇಳ್ತಾ ಇದ್ದರಲ್ಲ?"

"ಹಾಕ್ಸಿದ್ರು. ನಂಗಾಗ ಜ್ವರ, ಒಬ್ಬರೇ ಹೋಗಿದ್ರು. ಒಳಗೆ ಹಗ್ಗ ಬಿಟ್ಟಿದ್ರೋ ಇಲ್ವೋ ಯಾರಿಗೆ ಗೊತ್ತು?"

"ಬಿಚ್ಚಿ ನೋಡೋಕೇನು ಕಷ್ಟ?"

ಅವಳು ಮೂಲೆಯ ಕೇಬಲ್ ಪೆಟ್ಟಿಗೆಗಳನ್ನೇ ನೋಡುತ್ತ ಕೂತಳು. ಆಮೇಲೆ, "ಇದ್ರೂ ಏನು ಮಾಡ್ಲಿ? ಎಳೆಯೋಕೆ ನಿಂತರೆ ಆ ಕಡೆಯಿಂದ ಯಾರು ಕೇಳ್ತಾರೆ ನನ್ನ, ಬಂತಾ ಅಂತ?" ಅಂದಳು.

ಆಗ ನನಗೆ ಅರ್ಥವಾಯಿತು. ವೈಫೈ ಒಬ್ಬರೇ ಮಾಡಬಹುದಾದ ಕೆಲಸ. ಅದಕ್ಕೇ ಅವಳು ಅದನ್ನು ಹಿಡಿದದ್ದು, ಕಾಲ ಬದಲಾಯಿತೆಂದಲ್ಲ. "ನಾನು ಬರ್ತೀನಿ, ಏಳು" ಎಂದಷ್ಟೇ ಹೇಳಿದೆ.

ಭಾನುವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದೆವು. ಎಕ್ಸ್‌ರೇ ಯಂತ್ರದ ಪಕ್ಕ ಸಾದಾ ಕೇಬಲ್ ಬೇಡವೆಂದು ದೊಡ್ಡಮ್ಮ ಬೆಳ್ಳಿಕಾಗದ ಸುತ್ತಿದ್ದನ್ನೇ ಆರಿಸಿ, ಅದನ್ನೂ ಕೆರೆದು ನೋಡಿ, ನನ್ನ ತೋಳಿಗೆ ಹಾಕಿದ್ದಳು. ನೇಮ ತಪ್ಪಬಾರದೆಂದು ನಾನೂ ಒಂದು ಹಗ್ಗವನ್ನು ಚೀಲದಲ್ಲಿ ಬಚ್ಚಿಟ್ಟು ತಂದಿದ್ದೆ. ದೊಡ್ಡಮ್ಮ ಡಾಕ್ಟರಮ್ಮನ ಕೋಣೆಗೆ ಹೋದಳು, ನಾನು ಎಕ್ಸ್‌ರೇ ಕೋಣೆಯಲ್ಲಿ ಉಳಿದೆ.

ಗೋಡೆಯ ಮುಚ್ಚಳದ ಸ್ಕ್ರೂ ಬಿಚ್ಚಿದೆ. ಪೈಪಿನ ಬಾಯಲ್ಲಿ ಹಸಿರು ನೈಲಾನ್ ಹಗ್ಗದ ತುದಿ. ಒಳಗೆ ಜಾರದಿರಲೆಂದು ಅದಕ್ಕೆ ಬಟ್ಟೆ ಸಿಕ್ಕಿಸುವ ಮರದ ಕ್ಲಿಪ್ಪು, ಸ್ಪ್ರಿಂಗಿಗೆ ತುಕ್ಕು ಹಿಡಿದಿತ್ತು. ಆ ಹಸಿರು ಹಗ್ಗವನ್ನು ನಾನು ಗುರುತಿಸದೆ ಇರುತ್ತೇನೆಯೇ? ಅದರ ಮೇಲೆ ಒಣಗುತ್ತಿದ್ದ ಹೊದಿಕೆಗಳ ನಡುವೆ ನಾನು ಕಣ್ಣಾಮುಚ್ಚಾಲೆ ಆಡಿದ್ದೆ. ಆ ಕಡೆಯ ಮುಚ್ಚಳ ತೆಗೆದ ದೊಡ್ಡಮ್ಮನಿಗೂ ಇದೇ ಕಂಡಿರಬೇಕು.

ಹಸಿರು ಹಗ್ಗದ ತುದಿಗೆ ಕೇಬಲ್ಲನ್ನೂ ನಾನು ತಂದ ಹಗ್ಗವನ್ನೂ ಸೇರಿಸಿ ಕಟ್ಟಿ, ಟೇಪು ಸುತ್ತಿದೆ. ಕಾದೆ. ಹಗ್ಗ ಅಲುಗಲಿಲ್ಲ. ಕೊನೆಗೆ ಪೈಪಿಗೆ ಬಾಯಿಟ್ಟೆ.

"ಬಂತಾ?"

ಇನ್ನೊಮ್ಮೆ ಕೇಳಿದೆ. ಒಳಗಿನಿಂದ ದೊಡ್ಡಮ್ಮನ ದನಿ ಬಂತು, ಆದರೆ ನನಗಲ್ಲ.

"ಬಂತು ರೀ, ಎಲ್ಲ ಬಂತು! ಹಗ್ಗ ಬಂತು, ಕ್ಲಿಪ್ಪೂ ಬಂತು! ಕಾಗೆ ಅಂತೆ ಕಾಗೆ! ಜ್ವರದಲ್ಲಿ ಮಲಗಿರೋಳ ಹಗ್ಗ ಬಿಚ್ಕೊಂಡ್ ಬಂದಿದ್ದೀರಲ್ಲ, ನಾಚ್ಕೆ ಆಗಲ್ವಾ ನಿಮಗೆ? ಎದ್ದು ಬಟ್ಟೆಯೆಲ್ಲ ಬೇಲಿ ಮೇಲೆ ಹರವಿದ್ದೆ ನಾನು! ಮನೆಗೆ ಬನ್ನಿ, ವಿಚಾರಿಸ್ಕೋತೀನಿ!"

ಆ ಬೈಗುಳ ತಲುಪಬೇಕಾದವನಿಗೆ ತಲುಪಲಿ ಎಂದು ಪೈಪಿನಿಂದ ಮುಖ ತೆಗೆದು, ಕೇಬಲ್ ಹಿಡಿದು ಅಳುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಹಗ್ಗ ಬಿಗಿಯಾಯಿತು. ತೋಳಿನ ಸುರುಳಿಯಿಂದ ಕೇಬಲ್ ಒಂದೊಂದೇ ಸುತ್ತು ಗೋಡೆಯೊಳಕ್ಕೆ ಹೋಯಿತು. "ಬಂತಾ?" ಅಂದೆ. "ಬರ್ತಾ ಇದೆ, ಬಿಡು" ಅಂದಳು. ಈ ಸಲ ನನಗೇ.

ಕೇಬಲ್ಲಿನ ತುದಿ ಆ ಕಡೆ ಹೊರಬಿದ್ದ ಮೇಲೆ ಮತ್ತೆ ದನಿ ಬಂತು. "ಇದೇನೇ, ಜೊತೆಗೆ ಹಳದಿ ಹಗ್ಗ? ನಿಂತ್ಕೋ... ಇದು ನನ್ನ ಹಿತ್ತಲಿನ ಹಗ್ಗ ಅಲ್ವೇನೇ? ನಿಂಗೆ ಹೇಗೆ ಸಿಕ್ತು?"

ನಾನು ಕಣ್ಣೊರೆಸಿಕೊಂಡು ಪೈಪಿಗೆ ಬಾಯಿಟ್ಟೆ. "ಕಾಗೆ ತಂದುಕೊಡ್ತು ದೊಡ್ಡಮ್ಮಾ."

ಪೈಪಿನ ತುಂಬ ನಗು. ಅವಳು ಹಾಗೆ ನಕ್ಕಿದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ. ನಗು ನಿಂತ ಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದಳು:

"ನಾಳೆ ಬ್ಯಾಂಕಿನವರಿಗೆ ಬರ್ತೀವಿ ಅಂತ ಹೇಳ್ತೀನಿ. ಹೊಲಿಗೆ ಬೇಗ ಮುಗಿಸ್ಕೋ."